ಕೆರೆಯ ಮೇಲಿನ ಮನೆಗೆ ನಂಬರು

ನಿಯಮ ಮುರಿಯುವವನಿಗೆ ಜನ್ಮದಲ್ಲಿ ಒಂದೆರಡು ಸಲ ಗಾಬರಿಯಾಗಬಹುದು. ನಿಯಮ ಪಾಲಿಸುವವನಿಗೆ ವಾರಕ್ಕೆರಡು ಸಲ ಗ್ಯಾರಂಟಿ. ಇದು ನನ್ನ ಇಪ್ಪತ್ತು ವರ್ಷದ ಅನುಭವ. ನಾನು ಸಮುದ್ರದಾಚೆಯ ಹಿಮದ ದೇಶದಲ್ಲಿ, ನಾರ್ತ್ ಯಾರ್ಕ್ ಎಂಬ ಊರಿನ ಒಂದು ಆಫೀಸಿನಲ್ಲಿ ಲಿಫ್ಟುಗಳ ಕಾಯಿದೆ ಓದುವ ಎಂಜಿನಿಯರು. ಬಾಗಿಲು ಎಷ್ಟು ಸೆಕೆಂಡು ತೆರೆದಿರಬೇಕು, ಒಳಗಿನ ಫಲಕದ ಅಕ್ಷರ ಎಷ್ಟು ಎತ್ತರ ಇರಬೇಕು ಎಂದು ನೋಡಿ ಟಿಕ್ ಹಾಕುವುದೇ ಕೆಲಸ. ಮೈಸೂರಿನಲ್ಲಿ ನಮ್ಮ ತಾತ ಪುರೋಹಿತರಾಗಿದ್ದರು. ಅವರು ಪಂಚಾಂಗ ನೋಡಿ "ಇವತ್ತು ಕೂಡದು" ಅನ್ನುತ್ತಿದ್ದರು, ನಾನು ಕೋಡ್ ಬುಕ್ ನೋಡಿ ಅನ್ನುತ್ತೇನೆ. ಮನೆತನದ ಕಸುಬು ಅಂತೂ ಬಿಟ್ಟಿಲ್ಲ.

ಇಂಥವನ ಹತ್ತಿರ ಜನ ಅರ್ಜಿ ತುಂಬಿಸಿಕೊಳ್ಳಲು ಬರುತ್ತಾರೆ. ಕಳೆದ ಚಳಿಗಾಲದಲ್ಲಿ ಬಂದ ಅರ್ಜಿ ಮಾತ್ರ ನನ್ನ ಜನ್ಮದಲ್ಲಿ ಕೇಳಿದ್ದಲ್ಲ.

೧. ನಂಬುವುದಿಲ್ಲ ಎಂದ ಮಾವ

ಕ್ಲೈನ್‌ಬರ್ಗಿನ ನಮ್ಮ ಹೊಸ ಬಡಾವಣೆಯಲ್ಲಿ, ನಮ್ಮಿಂದ ನಾಲ್ಕು ಮನೆ ಆಚೆ, ಕಾರ್ಕಳದವರೊಬ್ಬರಿದ್ದಾರೆ. ಸಾಫ್ಟ್‌ವೇರ್ ಕೆಲಸ, ಮರಗೆಲಸದ ಹುಚ್ಚು, ಮೀನೆಂದರೆ ಪ್ರಾಣ. ಹೆಂಡತಿ ಮಲ್ಪೆಯವರು. ಹೆಂಡತಿಯ ಅಪ್ಪ ನಲವತ್ತು ವರ್ಷ ಸಮುದ್ರದಲ್ಲಿ ದೋಣಿ ನಡೆಸಿದವರು. ಮಗಳು ಕಾರ್ಕಳದ ಹುಡುಗನನ್ನು ಮದುವೆಯಾಗುತ್ತೇನೆ ಎಂದಾಗ ಅವರು ಕೇಳಿದ್ದು ಒಂದೇ ಪ್ರಶ್ನೆಯಂತೆ: "ಕಾರ್ಕಳದಲ್ಲಿ ಸಮುದ್ರ ಎಲ್ಲುಂಟು?" ಆ ಪ್ರಶ್ನೆ ಹದಿನೈದು ವರ್ಷದಿಂದ ಅಳಿಯನ ಬೆನ್ನು ಬಿಟ್ಟಿಲ್ಲ.

ಮಾವನವರು ಸೆಪ್ಟೆಂಬರಿನಲ್ಲಿ ಮಗಳ ಮನೆಗೆ ಬಂದರು. ಎಪ್ಪತ್ತೆರಡು ವರ್ಷ, ಬೆನ್ನು ಮಾತ್ರ ನೆಟ್ಟಗೆ. ಸಂಕ್ರಾಂತಿಯ ದಿನ ನಮ್ಮ ಮನೆಯಲ್ಲಿ ಎಳ್ಳುಬೆಲ್ಲ ತಿನ್ನುತ್ತಾ ಅವರು ಹೇಳಿದರು: "ನಾಲ್ಕು ತಿಂಗಳಾಯ್ತು, ಜೀವ ಇರುವ ಒಂದು ಮೀನು ಕಣ್ಣಿಗೆ ಬೀಳ್ಲಿಲ್ಲ. ಎಲ್ಲ ಪ್ಲಾಸ್ಟಿಕ್ಕಿನಲ್ಲಿ ಮಲಗಿದವೇ. ಅಳಿಯ ಹೇಳ್ತಾನೆ, ಇಲ್ಲಿ ಕೆರೆ ಗಟ್ಟಿಯಾಗ್ತದಂತೆ, ಅದರ ಮೇಲೆ ಮನೆ ಇಟ್ಟು, ತೂತು ಕೊರೆದು ಮೀನು ಹಿಡೀತಾರಂತೆ. ನನಗೆ ವಯಸ್ಸಾಗಿದೆ ಹೌದು, ತಲೆ ಕೆಟ್ಟಿಲ್ಲ."

ಕಾರ್ಕಳದವರ ಮುಖ ಕೆಂಪಾಯಿತು. "ಮಾವ, ನಿಜ ಮಾವ. ಸಿಮ್ಕೋ ಲೇಕಲ್ಲಿ ಬಾಡಿಗೆಗೆ ಹಟ್ ಸಿಕ್ತದೆ. ಈ ವಾರವೇ ಕರ್ಕೊಂಡು ಹೋಗ್ತೇನೆ."

"ಬಾಡಿಗೆಯದ್ದಾ?" ಎಂದರು ಮಾವನವರು, ಬಾಯಲ್ಲಿದ್ದ ಸಕ್ಕರೆ ಅಚ್ಚು ಕಡಿಯುತ್ತಾ. "ಬಾಡಿಗೆ ದೋಣಿಯಲ್ಲಿ ಕೂತು ಹೋದವನನ್ನು ನಮ್ಮಲ್ಲಿ ಪ್ಯಾಸೆಂಜರ್ ಅನ್ನುದು."

ಅಷ್ಟು ಸಾಕಾಯಿತು. ಮಾರ್ಚ್ ಮೊದಲ ಮಂಗಳವಾರ ಮಾವನವರ ವಿಮಾನ. ಅದರೊಳಗೆ ಸ್ವಂತ ಕೈಯಿಂದ ಚಕ್ರದ ಮೇಲೊಂದು ಮನೆ ಕಟ್ಟಿ, ಕಾರಿನ ಹಿಂದೆ ಎಳೆದುಕೊಂಡು ಹೋಗಿ, ಸರೋವರದ ಮೇಲೆ ನಿಲ್ಲಿಸಿ, ಮಾವನ ಕೈಗೆ ಜೀವಂತ ಮೀನು ಕೊಡುತ್ತೇನೆ ಎಂದು ಕಾರ್ಕಳದವರು ಎಲ್ಲರ ಎದುರಿಗೆ ಹೇಳಿಬಿಟ್ಟರು. ಆಮೇಲೆ ನನ್ನನ್ನು ಅಡುಗೆಮನೆಗೆ ಕರೆದು, "ಮಾರಾಯ್ರೆ, ಇದಕ್ಕೆಲ್ಲ ರೂಲ್ಸ್ ಇರ್ತದಾ?" ಎಂದು ಮೆಲ್ಲಗೆ ಕೇಳಿದರು.

ಅವತ್ತೇ ಓದಲು ಕೂತೆ. ಐಸಿನ ಮೇಲಿಡುವ ಆ ಗುಡಿಸಲನ್ನು ಸರ್ಕಾರದಲ್ಲಿ ನೋಂದಾಯಿಸಬೇಕು. ಅದಕ್ಕೊಂದು ನಂಬರು ಕೊಡುತ್ತಾರೆ. ಆ ನಂಬರನ್ನು ಹೊರಗೋಡೆಯ ಮೇಲೆ ಎದ್ದು ಕಾಣುವಂತೆ ಬರೆಯಬೇಕು, ಅಂಕಿ ಇಷ್ಟೇ ಎತ್ತರ ಇರಬೇಕು ಎಂಬ ಅಳತೆಯೂ ಉಂಟು. ಮಾರ್ಚ್ ನಡುವಿಗೆ ಐಸಿನಿಂದ ತೆಗೆದುಬಿಡಬೇಕು. ಸರಿ, ಅರ್ಜಿ ಹಾಕಿದೆ. ಟೀ ಆರುವ ಮೊದಲು ನಂಬರು ಬಂತು, ಬಿಟ್ಟಿಯಾಗಿ. ನನಗೆ ನಂಬಲಾಗಲಿಲ್ಲ. ಮೈಸೂರಿನ ನಮ್ಮ ಮನೆ, ಕಲ್ಲಿನ ಅಡಿಪಾಯದ ಮೇಲೆ ಮೂವತ್ತು ವರ್ಷದಿಂದ ನಿಂತಿದೆ. ಅದಕ್ಕೆ ಖಾತೆ ಆಗಲು ಹನ್ನೊಂದು ವರ್ಷ ಬೇಕಾಯಿತು. ಮಾರ್ಚಿನಲ್ಲಿ ಕರಗಿಹೋಗುವ ಜಾಗಕ್ಕೆ, ಇನ್ನೂ ಕಟ್ಟದೇ ಇರುವ ಮನೆಗೆ, ಹನ್ನೊಂದು ನಿಮಿಷ.

೨. ಹೊರಗೆ ಬಾರದ ಮನೆ

ಮನೆ ಕಟ್ಟಿದ್ದು ಅವರ ಗ್ಯಾರೇಜಿನೊಳಗೆ. ಹಳೆಯ ಟ್ರೈಲರಿನ ಚೌಕಟ್ಟು ತಂದು, ಅದರ ಮೇಲೆ ಮರದ ಗೋಡೆ, ತಗಡಿನ ಮಾಡು, ನೆಲದಲ್ಲಿ ಗಾಳ ಇಳಿಸಲು ಎರಡು ಕಿಂಡಿ. ನಾನು ದಿನವೂ ಆಫೀಸಿನಿಂದ ಬಂದು ಟೇಪು ಹಿಡಿದು ಅಳೆಯುತ್ತಿದ್ದೆ. ಹೆದ್ದಾರಿಯಲ್ಲಿ ಟ್ರೈಲರ್ ಎಷ್ಟು ಅಗಲ ಇರಬಹುದು, ಎಷ್ಟು ಎತ್ತರ ಇರಬಹುದು, ಹಿಂದಿನ ದೀಪ ಎಲ್ಲಿರಬೇಕು, ಕೊಂಡಿ ಕಳಚಿದರೂ ಹಿಡಿಯುವ ಸರಪಣಿ ಹೇಗಿರಬೇಕು, ಎಲ್ಲಕ್ಕೂ ಟಿಕ್ ಹಾಕಿದೆ. ಕಾರ್ಕಳದವರ ಹೆಂಡತಿ ಒಂದು ದಿನ ಇಣುಕಿ ನೋಡಿ, "ಅಡುಗೆ ಕಟ್ಟೆ ಇಲ್ಲದ್ದು ಎಂತ ಮನೆ? ನನ್ನ ಅಪ್ಪ ಅಲ್ಲಿ ಚಾ ಎಲ್ಲಿ ಕಾಯಿಸುದು?" ಎಂದರು. ಅವರ ಅಡುಗೆಮನೆ ಹೊಸದು ಮಾಡಿಸಿದಾಗ ಉಳಿದಿದ್ದ ಗ್ರಾನೈಟ್ ಚಪ್ಪಡಿ ಒಳಗೆ ಹೋಯಿತು.

ಫೆಬ್ರವರಿಯ ಎರಡನೆಯ ಭಾನುವಾರ ಮನೆ ಮುಗಿಯಿತು. ಶಟರ್ ಎತ್ತಿ ತಳ್ಳಿದೆವು. ಮಾಡು ಶಟರಿನ ಚೌಕಟ್ಟಿಗೆ ಬಡಿದು ನಿಂತಿತು. ಒಂದು ಇಂಚು ಹೆಚ್ಚು. ಇಡೀ ಪ್ರಾಂತ್ಯದ ಸೇತುವೆಗಳಡಿ ಹಾಯುವ ಎತ್ತರ ನೋಡಿದ್ದೇನೆ, ಗ್ಯಾರೇಜಿನ ಬಾಗಿಲನ್ನು ನೋಡಿಲ್ಲ. ಅದು ಯಾವ ಕಾಯಿದೆಯಲ್ಲೂ ಬರೆದಿರಲಿಲ್ಲ.

ಕಾರ್ಕಳದವರು ಗರಗಸ ತರಲು ಹೊರಟರು. ಅಷ್ಟರವರೆಗೆ ಮೂಲೆಯಲ್ಲಿ ಸ್ಟೂಲ್ ಹಾಕಿ ಕೂತಿದ್ದ ಮಾವನವರು ಬಾಯಿ ತೆರೆದರು. "ನಮ್ಮಲ್ಲಿ ಹೊಳೆ ತುಂಬಿದಾಗ ಸಣ್ಣ ಕಾಲುಸಂಕದ ಅಡಿಯಲ್ಲಿ ದೋಣಿ ಹೋಗ್ದಿದ್ರೆ ಮಾಡು ಕೊಯ್ಯುದಿಲ್ಲ. ಜನ ತುಂಬುದು. ದೋಣಿ ತಗ್ತದೆ."

ಅವತ್ತು ಅವರ ಮನೆಯಲ್ಲಿ ಸತ್ಯನಾರಾಯಣ ಪೂಜೆಯ ಊಟಕ್ಕೆ ನಮ್ಮ ಕನ್ನಡದವರೇ ಹತ್ತು ಮಂದಿ ಬಂದಿದ್ದರು. ರೇಷ್ಮೆ ಸೀರೆ, ಪಂಚೆ, ಮೇಲೆ ದಪ್ಪ ಜಾಕೆಟ್ಟು. ಎಲ್ಲರನ್ನೂ ಒಳಗೆ ಒತ್ತಿ ಬಾಗಿಲು ಹಾಕಿದೆವು. ಚಕ್ರದ ಸ್ಪ್ರಿಂಗು ಕೂತಿತು. ಮನೆ ಶಟರಿನಡಿ ಬೆರಳಗಲದ ಸಂದಿಯಲ್ಲಿ ಜಾರಿ ಹೊರಗೆ ಬಂತು. ಬಾಗಿಲು ತೆಗೆದಾಗ ಆ ಹತ್ತೂ ಮಂದಿ ಪ್ರಸಾದದ ದೊನ್ನೆ ಹಿಡಿದುಕೊಂಡೇ ಒಬ್ಬೊಬ್ಬರಾಗಿ ಇಳಿದರು. ಎದುರು ಮನೆಯ ಹಿರಿಯರೊಬ್ಬರು ಹಿಮ ತೆಗೆಯುವ ಸಲಿಕೆ ಹಿಡಿದು ಇದನ್ನು ಕೊನೆಯವರೆಗೆ ನೋಡಿದರು.

ಮರುದಿನ ನಗರಸಭೆಯವರೊಬ್ಬರು ಬಂದು ಗಂಟೆ ಒತ್ತಿದರು. ತುಂಬ ಸೌಜನ್ಯದ ಮನುಷ್ಯ. "ಈ ಟ್ರೈಲರಿನಲ್ಲಿ ಎಷ್ಟು ಜನ ವಾಸವಿದ್ದಾರೆ?" ಎಂದು ಕೇಳಿದರು. ಯಾರೂ ಇಲ್ಲ, ಇದು ಮೀನು ಹಿಡಿಯುವ ಮನೆ ಎಂದು ನಾನು ಅರ್ಜಿ, ಅಳತೆ ಎಲ್ಲ ಸೇರಿಸಿಟ್ಟಿದ್ದ ಫೈಲು ತೋರಿಸಿದೆ. ಅವರು ಒಳಗೆ ನೋಡಿ, ಗ್ರಾನೈಟ್ ಕಟ್ಟೆ ಮುಟ್ಟಿ, "ನನ್ನ ಮನೆಯಲ್ಲಿ ಇದಿಲ್ಲ" ಎಂದಷ್ಟೇ ಹೇಳಿ, ಮನೆಯ ಮುಂದೆ ಟ್ರೈಲರು ಹೆಚ್ಚು ದಿನ ನಿಲ್ಲಿಸುವಂತಿಲ್ಲ ಎಂದು ಚೀಟಿ ಕೊಟ್ಟು ಹೋದರು.

ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಆ ಮನೆಯ ಫೋಟೋವನ್ನು ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿ, "ಕ್ಲೈನ್‌ಬರ್ಗಲ್ಲಿ ಹೊಸ ಮನೆ ರೆಡಿ" ಎಂದು ಬರೆದು ನನ್ನ ನಂಬರು ಕೊಟ್ಟಿದ್ದರು. ಸಂಜೆ ಫೋನು ಬಂತು. ಬೆಂಗಳೂರಿನಿಂದ ಕಾಲೇಜಿಗೆ ಬಂದ ಹುಡುಗಿ. "ಅಂಕಲ್, ರೂಮ್ ಇದ್ಯಂತಲ್ಲ, ನಾವು ಮೂರು ಜನ ಇದೀವಿ. ಬೇಸ್‌ಮೆಂಟಾ?"

"ಅಲ್ಲಮ್ಮ, ಅದು ಕೆರೆಯ ಮೇಲೆ ಇರುತ್ತೆ. ಐಸ್ ಮೇಲೆ. ನೆಲದಲ್ಲಿ ಎರಡು ತೂತಿದೆ. ಮಾರ್ಚಲ್ಲಿ ಕೆರೆ ಕರಗುತ್ತೆ."

ಆ ಕಡೆ ಮೂವರೂ ಏನೋ ಪಿಸುಗುಟ್ಟಿಕೊಂಡರು. ಆಮೇಲೆ ಹುಡುಗಿ ಕೇಳಿದಳು: "ಪರವಾಗಿಲ್ಲ ಅಂಕಲ್. ಹೀಟಿಂಗ್ ಇನ್‌ಕ್ಲೂಡೆಡ್ಡಾ?"

೩. ತಯಾರಕರು ಯಾರು?

ಐಸಿನ ಮೇಲೆ ಅದು ಮನೆ, ರಸ್ತೆಯ ಮೇಲೆ ಅದೇ ವಾಹನ. ವಾಹನ ಎಂದಮೇಲೆ ಅದಕ್ಕೆ ಬೇರೆ ನೋಂದಣಿ, ಬೇರೆ ನಂಬರ್ ಪ್ಲೇಟು. ಚೀಟಿ ಬಂದ ಮರುದಿನವೇ ನಾವು ಮೂವರೂ ವಾಹನ ನೋಂದಣಿಯ ಕೌಂಟರಿಗೆ ಹೋದೆವು. ಮಾವನವರು ತಾವೂ ಬರುತ್ತೇನೆ ಎಂದರು. ಅಳಿಯ ಎಲ್ಲಿ ಎಡವುತ್ತಾನೆ ಎಂದು ಕಣ್ಣಾರೆ ನೋಡುವ ಆಸೆ ಅವರದು ಎಂದು ನನಗನಿಸಿತು.

ಕೌಂಟರಿನಾಕೆ ಕೇಳಿದರು: "ಯಾವ ಕಂಪನಿಯ ಟ್ರೈಲರ್?"

"ಹೋಮ್‌ಮೇಡ್," ಎಂದರು ಕಾರ್ಕಳದವರು.

"ಹಾಗಾದರೆ ತಯಾರಕರು?"

ಕಾರ್ಕಳದವರು ಎದೆ ಮುಂದೆ ಮಾಡಿ, "ನಾನೇ," ಎಂದರು.

ಹಿಂದಿನ ಕುರ್ಚಿಯಿಂದ ಮಾವನವರು ನನ್ನನ್ನು ಕೇಳಿದರು: "ಗ್ಯಾರಂಟಿ ಎಷ್ಟು ವರ್ಷ ಅಂತ ಕೇಳಿ."

ತೂಕದ ಕಾಲಂ ಬಂದಾಗ ಕಾರ್ಕಳದವರು ಫೋನಿನಲ್ಲಿ ಎಕ್ಸೆಲ್ ಶೀಟು ತೆರೆದರು. ಪ್ರತಿಯೊಂದು ಹಲಗೆಯನ್ನೂ ತಬ್ಬಿಕೊಂಡು ಬಾತ್‌ರೂಮಿನ ತಕ್ಕಡಿಯ ಮೇಲೆ ನಿಂತು, ತಮ್ಮ ತೂಕ ಕಳೆದು ಬರೆದಿಟ್ಟ ಲೆಕ್ಕ. ಮೊಳೆಗಳಿಗೂ ಒಂದು ಸಾಲಿತ್ತು. ಒಟ್ಟು ಐನೂರ ನಲವತ್ತು ಕಿಲೋ. ಮಾವನವರು ತಲೆ ಅಲ್ಲಾಡಿಸಿದರು. "ಒಂಬೈನೂರು."

"ಮಾವ, ಇದು ಎಕ್ಸೆಲ್."

"ಇದು ಕಣ್ಣು. ನಲವತ್ತು ವರ್ಷ ಬಲೆ ನೋಡಿ ಎಷ್ಟು ಮೀನುಂಟು ಅಂತ ಹೇಳಿದ ಕಣ್ಣು."

ಒಂದು ಮಿತಿ ದಾಟಿದರೆ ಟ್ರೈಲರಿಗೇ ಪ್ರತ್ಯೇಕ ಬ್ರೇಕು ಬೇಕು ಎಂಬ ನಿಯಮ ಇರುವುದರಿಂದ ನನಗೆ ಸಮಾಧಾನವಾಗಲಿಲ್ಲ. ಪ್ಲೇಟು ಸಿಕ್ಕಿದ ದಿನ ನೇರವಾಗಿ ಲಾರಿ ತೂಗುವ ಕಟ್ಟೆಗೆ ಎಳೆದುಕೊಂಡು ಹೋದೆವು. ಒಂಬೈನೂರ ಹನ್ನೆರಡು. ಬ್ರೇಕಿನ ಮಿತಿಗಿಂತ ಕೆಳಗೇ ಇತ್ತು, ಆದರೆ ನನಗೆ ಆದ ಆಘಾತ ಸಣ್ಣದಲ್ಲ. ವಾಪಸು ಬಂದು ನೋಡಿದರೆ ಎಕ್ಸೆಲ್ಲಿನಲ್ಲಿ ಚಕ್ರ ಇಲ್ಲ, ಕಬ್ಬಿಣದ ಚೌಕಟ್ಟಿಲ್ಲ, ಗ್ರಾನೈಟ್ ಇಲ್ಲ. "ಅವು ಬಾತ್‌ರೂಮಿಗೆ ತರ್ಲಿಕ್ಕೆ ಆಗ್ಲಿಲ್ಲ ಮಾರಾಯ್ರೆ," ಎಂದರು ಕಾರ್ಕಳದವರು.

ಐಸಿನ ಭಯಕ್ಕೆ ಗ್ರಾನೈಟ್ ಇಳಿಯಿತು, ಆ ಜಾಗಕ್ಕೆ ಹಲಗೆ ಬಂತು. ಅವತ್ತೇ ನಾನು ಮೀನು ಹಿಡಿಯುವವರ ನಿಯಮವನ್ನೂ ಓದಿದೆ. ಕಾರ್ಕಳದವರ ಬಳಿ ಲೈಸೆನ್ಸ್ ಕಾರ್ಡಿತ್ತು, ಬೇಸಿಗೆಯಲ್ಲಿ ಪೋರ್ಟ್ ಕ್ರೆಡಿಟ್ ಎಂಬ ಊರಿನ ದಡದಲ್ಲಿ ಅದನ್ನು ಕುತ್ತಿಗೆಗೆ ನೇತುಹಾಕಿಕೊಂಡೇ ಗಾಳ ಹಿಡಿಯುತ್ತಿದ್ದರು. ಮಾವನವರ ವಿಚಾರಕ್ಕೆ ಬಂದರೆ, ಅರವತ್ತೈದು ದಾಟಿದವರಿಗೆ ಬೇಡ ಎಂಬ ಸಾಲು ಕಂಡಿತು. ಟಿಕ್ ಹಾಕಿ ಪುಟ ಮುಚ್ಚಿದೆ. ಇನ್ನು ನಾನು. ನಾನು ಮೀನು ಮುಟ್ಟುವವನಲ್ಲ, ಕೇಕಿಗೂ ಮೊಟ್ಟೆ ಹಾಕಿದ್ದಾರೆಯೇ ಎಂದು ವಿಚಾರಿಸಿ ತಿನ್ನುವವನು. ಆದರೂ ಮೀನು ಹಿಡಿಯುವ ಮನೆಯಲ್ಲಿ ಕೂತಿರುವವನನ್ನು ಯಾರಾದರೂ ಕೇಳಿದರೆ? ಯಾವುದಕ್ಕೂ ಇರಲಿ ಎಂದು ನನ್ನ ಹೆಸರಿಗೂ ಒಂದು ಲೈಸೆನ್ಸ್ ತೆಗೆದೆ. ನನ್ನ ಹೆಂಡತಿ ಅದನ್ನು ನೋಡಿ ಅರ್ಧ ಗಂಟೆ ನಕ್ಕಳು. ಆಮೇಲೆ ಫ್ರಿಜ್ಜಿನ ಬಾಗಿಲಿಗೆ ಅದರ ಪ್ರತಿ ಅಂಟಿಸಿದಳು, ಬದನೆಕಾಯಿಯ ಆಕಾರದ ಮ್ಯಾಗ್ನೆಟ್ಟಿನಿಂದ.

೪. ಕಡ್ಡಾಯವೇ?

ಫೆಬ್ರವರಿಯ ಕೊನೆಯ ಶನಿವಾರ ಹೊರಡುವುದೆಂದಾಯಿತು. ಮಾವನವರಿಗೆ ಉಳಿದದ್ದು ಅದೊಂದೇ ವಾರಾಂತ್ಯ. ಬೆಳಿಗ್ಗೆ ಹೊರಡುವಾಗ ನನ್ನ ಹೆಂಡತಿ ಅರಿಸಿನ ಕುಂಕುಮದ ತಟ್ಟೆ ಹಿಡಿದು ಬಂದಳು. ಆಗ ಚರ್ಚೆ ಎದ್ದಿತು. ವಾಹನವಾದರೆ ಚಕ್ರಕ್ಕೆ ನಿಂಬೆಹಣ್ಣು, ಮನೆಯಾದರೆ ಹಾಲು ಉಕ್ಕಿಸಬೇಕು. ಇದು ಯಾವುದು? ನಾನು ಫೈಲು ತೆಗೆದು ತೀರ್ಪು ಕೊಟ್ಟೆ: ರಸ್ತೆಯ ಮೇಲಿರುವ ತನಕ ವಾಹನ, ಐಸಿಗೆ ಹೋದ ಮೇಲೆ ಮನೆ. ಆದ್ದರಿಂದ ಇಲ್ಲಿ ನಿಂಬೆಹಣ್ಣು, ಅಲ್ಲಿ ಹಾಲು. ತಾತ ಇದ್ದಿದ್ದರೂ ಇದನ್ನೇ ಹೇಳುತ್ತಿದ್ದರು. ಕಾರ್ಕಳದವರ ಹೆಂಡತಿ ಒಂದು ಪಾತ್ರೆ, ಒಂದು ಪ್ಯಾಕೆಟ್ ಹಾಲು ನನ್ನ ಕೈಗೆ ಕೊಟ್ಟರು.

ಪೂಜೆ ನಾನೇ ಮಾಡಿದೆ. ಇಲ್ಲಿ ಹಣೆ ಎಲ್ಲಿದೆ ಎಂದು ಹುಡುಕಿ, ನಂಬರ್ ಪ್ಲೇಟಿಗೇ ಒದ್ದೆ ಅರಿಸಿನ ಬಳಿದು ಮೇಲೆ ಕುಂಕುಮ ಇಟ್ಟೆ. ಹಿಂದಿನ ದೀಪಗಳಿಗೂ ಅಷ್ಟೇ. ಪ್ಲಾಸ್ಟಿಕ್ ಮಾವಿನೆಲೆಯ ತೋರಣ ಕಟ್ಟಿದೆ. ನಿಂಬೆಹಣ್ಣು ಚಕ್ರದಡಿ ಚಟ್ ಎಂದಿತು. ಹೊರಟೆವು. ಆ ಚಳಿಗೆ ಅರಿಸಿನ ಒಂದೇ ಕ್ಷಣದಲ್ಲಿ ಗಾರೆಯಂತೆ ಹಿಡಿದುಕೊಂಡಿತು.

ನಾನೂರನೇ ಹೆದ್ದಾರಿಯಲ್ಲಿ ಹದಿನೈದು ನಿಮಿಷ ಹೋಗಿರಬೇಕು, ಹಿಂದೆ ಕೆಂಪು ನೀಲಿ ದೀಪ. ಕಾರ್ಕಳದವರು ಬೆವರಿದರು. ನಾನು ಮಾತ್ರ ನಿರಾಳವಾಗಿ ಕಿಟಕಿ ಇಳಿಸಿ ಫೈಲು ಮುಂದೆ ಚಾಚಿದೆ. ಇಪ್ಪತ್ತೆಂಟು ಹಾಳೆ, ಬಣ್ಣಬಣ್ಣದ ಗುರುತು. ಪೊಲೀಸಿನಾಕೆ ಫೈಲನ್ನು ಮುಟ್ಟಲೇ ಇಲ್ಲ. "ಸರ್, ನಿಮ್ಮ ಪ್ಲೇಟಿನ ಮೇಲೆ ಏನೋ ಇದೆ. ಒಂದು ಅಕ್ಷರವೂ ಕಾಣುತ್ತಿಲ್ಲ."

ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಲಿಫ್ಟಿನ ಫಲಕದ ಮೇಲೆ ಒಂದು ಧೂಳಿನ ಚುಕ್ಕೆ ಇದ್ದರೆ ನೋಟಿಸು ಬರೆಯುವವನು ನಾನು. ನನ್ನದೇ ಕೈಯಿಂದ, ನನ್ನದೇ ಮಂತ್ರ ಹೇಳಿ, ಸರ್ಕಾರಿ ನಂಬರಿಗೆ ಗಾರೆ ಹಾಕಿದ್ದೆ. ಕೆಳಗಿಳಿದು ಉಗುರಿನಿಂದ ಕೆರೆದೆ, ಕ್ರೆಡಿಟ್ ಕಾರ್ಡಿನಿಂದ ಕೆರೆದೆ. ಆಕೆಯೂ ಕೈಗವಸಿನಿಂದ ಉಜ್ಜಿದರು. ಗವಸು ಹಳದಿಯಾಯಿತು. ತೊಳೆದರೂ ಹೋಗುವುದಿಲ್ಲ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ಅಂಕಿಗಳು ಕಾಣಿಸಿದ ಮೇಲೆ ಆಕೆ ಎಚ್ಚರಿಕೆ ಹೇಳಿ, ಹೊರಡುವ ಮುನ್ನ ಚಕ್ರಕ್ಕೆ ಹೆಪ್ಪುಗಟ್ಟಿ ಅಂಟಿದ್ದ ಸಿಪ್ಪೆಯ ಕಡೆ ಬೊಟ್ಟು ಮಾಡಿ ಕೇಳಿದರು: "ಅದು ನಿಂಬೆಹಣ್ಣೇ? ಯಾಕೆ, ಅದು ಬೇಕೇ ಬೇಕಾ?"

ಹಿಂದಿನ ಸೀಟಿನಿಂದ ಮಾವನವರು ನಾನು ಬಾಯಿ ತೆರೆಯುವ ಮೊದಲೇ ಹೇಳಿದರು: "ಕಂಪಲ್ಸರಿ, ಮೇಡಂ."

೫. ದಾನಪತ್ರ

ಸರೋವರದ ದಡದಲ್ಲಿ ಐಸ್ ಬಲ್ಲ ಒಬ್ಬ ಊರಿನವನು ಕೊರೆದು ದಪ್ಪ ನೋಡಿ, ತನ್ನ ಹಿಮದ ವಾಹನದಿಂದ ನಮ್ಮ ಮನೆಯನ್ನು ಒಳಗೆ ಎಳೆದುಕೊಟ್ಟ. ನಾವು ಹಿಂದೆ ನಡೆದೆವು. ದಡದಲ್ಲಿ ಮಾವನವರು ನಿಂತುಬಿಟ್ಟರು. ನಲವತ್ತು ವರ್ಷ ಸಮುದ್ರದ ಮೇಲಿದ್ದವರಿಗೆ ಐಸಿನ ಮೇಲೆ ಕಾಲಿಡಲು ಆಗಲಿಲ್ಲ. ಸುತ್ತ ನೂರಾರು ಗುಡಿಸಲು, ಮಕ್ಕಳು ಓಡುತ್ತಿದ್ದಾರೆ, ಒಂದು ನಾಯಿ ಮಲಗಿದೆ. ಅವರು ಬಗ್ಗಿ ಐಸನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. "ಅಡಿಯಲ್ಲಿ ನೀರುಂಟು ಅಲ್ವಾ?" ಎಂದು ಅಳಿಯನನ್ನು ಕೇಳಿದರು. "ಉಂಟು ಮಾವ." "ಮೆಟ್ಟಿದ್ದಕ್ಕೆ ಕ್ಷಮಿಸಲಿ," ಎಂದು ಹೇಳಿ ನಡೆದರು.

ಊರಿನವನು ಕಿಂಡಿಗಳ ಕೆಳಗೆ ಐಸಿನಲ್ಲಿ ತೂತು ಕೊರೆದುಕೊಟ್ಟ ಮೇಲೆ ಮಾವನವರು ಕಿಂಡಿಯ ಎದುರು ಕೂತು ಗಾಳ ಇಳಿಸಿದರು. ಕಾರ್ಕಳದವರು ಪಕ್ಕದಲ್ಲಿ ಮಂಡಿಯೂರಿ ಕೂತರು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರ ಮುಖ. ಒಂದು ಗಂಟೆಯಾಯಿತು, ಎರಡಾಯಿತು. ಮೀನಿಲ್ಲ. "ಮನೆ ಪ್ರವೇಶ ಆಗ್ಲಿಲ್ಲ, ಅದಕ್ಕೇ," ಎಂದರು ಮಾವನವರು. ನಾನು ಸಣ್ಣ ಒಲೆಯ ಮೇಲೆ ಹಾಲಿಟ್ಟೆ. ಹಾಲು ಉಕ್ಕಿತು. ಉಕ್ಕಿ ಒಲೆಯ ಮೇಲೆ ಸುರಿದು ಸೀದು ಹೊಗೆಯಾಯಿತು. ನಿಯಮ ಎಂದು ನಾನೇ ಹಾಕಿಸಿದ್ದ ಹೊಗೆಯ ಅಲಾರಮ್ಮು ಕೂಗತೊಡಗಿತು. ಎಷ್ಟು ಚೆನ್ನಾಗಿ ಹಾಕಿಸಿದ್ದೆ ಎಂದರೆ ಸರೋವರದ ಆ ಭಾಗವೆಲ್ಲ ತಿರುಗಿ ನೋಡಿತು. ಎರಡೇ ನಿಮಿಷದಲ್ಲಿ ಹೊರಗೊಂದು ಹಿಮದ ವಾಹನ ನಿಂತಿತು. ಮೀನುಗಾರಿಕೆ ಇಲಾಖೆಯ ಅಧಿಕಾರಿ.

ಬೆಂಕಿ ಇಲ್ಲವೆಂದು ಖಾತ್ರಿ ಮಾಡಿಕೊಂಡು ಅವರು ಮನೆಯನ್ನು ಸುತ್ತು ಹಾಕಿದರು. ನಾನು ಫೈಲು ಹಿಡಿದು ಹಿಂದೆ ಹಿಂದೆ ಹೋದೆ. ನಂಬರು ಇದೆ, ಅಂಕಿಯ ಎತ್ತರ ಸರಿ. ಗಾಳಿಗೆ ಕಿಂಡಿ ಇದೆ. ಬಾಗಿಲು ಒಳಗಿನಿಂದ ತೆರೆಯುತ್ತದೆ. "ಇಪ್ಪತ್ತು ವರ್ಷದಲ್ಲಿ ಇಂಥ ಫೈಲು ನೋಡಿಲ್ಲ," ಎಂದರು. ನಾನು ಉಬ್ಬಿಹೋದೆ.

"ಎಲ್ಲ ಸರಿ. ಮೀನು ಹಿಡಿಯುವವರ ಲೈಸೆನ್ಸು?"

ಕಾರ್ಕಳದವರು ಕುತ್ತಿಗೆಯ ಕಾರ್ಡು ಚಾಚಿದರು. ಅಧಿಕಾರಿ ನೋಡಿ ವಾಪಸು ಕೊಟ್ಟರು. ಡಿಸೆಂಬರ್ ಕೊನೆಗೆ ಮುಗಿದಿತ್ತು. ಎರಡು ತಿಂಗಳಾದರೂ ಅದನ್ನು ಕುತ್ತಿಗೆಗೆ ಹಾಕಿಕೊಂಡವರೂ ನೋಡಿಲ್ಲ, ಎದುರಿಗೆ ಕೂತಿದ್ದ ನಾನೂ ನೋಡಿಲ್ಲ. ಇನ್ನು ಮಾವನವರು. "ಅವರಿಗೆ ಎಪ್ಪತ್ತೆರಡು, ಬೇಡವಲ್ಲ," ಎಂದೆ. "ಈ ದೇಶದ ನಿವಾಸಿಗಳಿಗೆ ಬೇಡ," ಎಂದರು ಅಧಿಕಾರಿ. "ಪ್ರವಾಸಿಗೆ ಎಷ್ಟು ವಯಸ್ಸಾದರೂ ಬೇಕು." ಆ ಸಾಲು ಪುಟದಲ್ಲೇ ಇತ್ತು. ಮುಂದಿನ ಸಾಲು. ನಾನು ಟಿಕ್ ಹಾಕಿ ಮುಚ್ಚಿದ ಪುಟ. ಮೊಳೆಯ ತೂಕ ಬಿಡದೆ ಬರೆದ ನಾವು ಮೀನುಗಾರನನ್ನೇ ಬಿಟ್ಟಿದ್ದೆವು.

ಸರಿಯಾಗಿ ಆ ಕ್ಷಣದಲ್ಲಿ ಮಾವನವರ ಗಾಳದ ಕೋಲು ಬಿಲ್ಲಿನಂತೆ ಬಗ್ಗಿತು.

"ದಯವಿಟ್ಟು ಕೋಲು ಬಿಡಿ ಸರ್. ಲೈಸೆನ್ಸ್ ಇರುವವರು ಮಾತ್ರ ಮುಟ್ಟಬಹುದು. ಯಾರ ಹತ್ತಿರವಾದರೂ ಇದೆಯೇ?"

ಕಾರ್ಕಳದವರು ನನ್ನ ಕಡೆ ತಿರುಗಿದರು. ಆ ಕಣ್ಣಲ್ಲಿ ನಾಲ್ಕು ವಾರದ ಮರಗೆಲಸ, ಹದಿನೈದು ವರ್ಷದ ಪ್ರಶ್ನೆ ಎರಡೂ ಇದ್ದವು. ನನ್ನ ಜೇಬಿನಲ್ಲಿ ಲೈಸೆನ್ಸಿತ್ತು. ಇಲ್ಲ ಎಂದು ಸುಳ್ಳು ಹೇಳಲು ನನ್ನ ಕಸುಬು ಬಿಡಲಿಲ್ಲ. ಕಣ್ಣು ಮುಚ್ಚಿ ಕೋಲು ಹಿಡಿದೆ.

"ಎಳೀಬೇಡಿ, ಬಿಡಿ, ಸ್ವಲ್ಪ ಬಿಡಿ," ಮಾವನವರು ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು, ಕಾನೂನಿಗೆ ತಾಗದಂತೆ. "ಈಗ ಸುತ್ತಿ. ಅದಕ್ಕೆ ಸುಸ್ತಾಗ್ಲಿ, ನಿಮಗೆ ಆಗುದು ಬೇಡ." ನಾನು ಮನಸ್ಸಿನಲ್ಲಿ ಮಂತ್ರ ಹೇಳುತ್ತಾ ಸುತ್ತಿದೆ. ಕೊನೆಗೆ ಕಿಂಡಿಯಿಂದ ಮೊಳದುದ್ದದ ಟ್ರೌಟ್ ಮೀನೊಂದು ಮೇಲೆ ಬಂದು ನನ್ನ ಕಾಲ ಮೇಲೆ ಬಿದ್ದು ಪಟಪಟ ಹೊಡೆದುಕೊಂಡಿತು. ಕಾಲು ತೆಗೆಯಲೂ ನನಗೆ ತೋಚಲಿಲ್ಲ.

ಅಧಿಕಾರಿ ಪುಸ್ತಕ ತೆಗೆದು, ಈ ಮನೆಯ ಜವಾಬ್ದಾರಿ ಯಾರದು ಎಂದು ಕೇಳಿದರು. ಕಾರ್ಕಳದವರು ಬಾಯಿ ತೆರೆಯುವ ಮೊದಲೇ ಮಾವನವರು ಅಡ್ಡ ಬಂದು ನಿಂತರು. "ಹೌಸ್ ಗುಡ್, ಸರ್. ವೆರಿ ಸ್ಟ್ರಾಂಗ್. ಮೈ ಸನ್ ಇನ್ ಲಾ ಮೇಕ್, ಫುಲ್ ಹ್ಯಾಂಡ್. ಮಿಸ್ಟೇಕ್ ಮೈನ್." ಆಮೇಲೆ ಅಳಿಯನ ಕಡೆ ತಿರುಗದೆಯೇ ಹೇಳಿದರು: "ಹೆದರ್ಬೇಡ ಮಗಾ, ಪ್ಯಾಸೆಂಜರ್ ನಾನೇ." ಹದಿನೈದು ವರ್ಷದಲ್ಲಿ ಮಗಾ ಎಂದದ್ದು ಅದೇ ಮೊದಲಂತೆ. ಕಾರ್ಕಳದವರು ಹೊಗೆ ಕಣ್ಣಿಗೆ ಹೋಯಿತು ಎಂದು ಹೊರಗೆ ಹೋದರು. ಹೊಗೆ ಹೋಗಿ ಎಷ್ಟೋ ಹೊತ್ತಾಗಿತ್ತು.

ಅಧಿಕಾರಿ ಇಬ್ಬರಿಗೂ ಎಚ್ಚರಿಕೆಯ ಚೀಟಿ ಬರೆದರು. ಹೊರಡುವಾಗ ನನ್ನ ಬೆನ್ನು ತಟ್ಟಿ, "ಒಳ್ಳೆಯ ಮೀನು. ಕಾನೂನು ಪ್ರಕಾರ ಇದು ನಿಮ್ಮದು," ಎಂದರು. ಮಾವನವರಿಗೆ ಹೇಳಿದೆ: "ದಯವಿಟ್ಟು ನೀವೇ ತಗೊಳ್ಳಿ."

"ಹಾಗೆ ಹೇಗೆ ತಗೊಳ್ಳುದು?" ಎಂದರು ಅವರು, ಎರಡು ಹೆಜ್ಜೆ ಹಿಂದೆ ಸರಿದು. ಈ ದೇಶ ಅವರಿಗೆ ಅಷ್ಟರಲ್ಲಿ ಅರ್ಥವಾಗಿತ್ತು. "ಎಲ್ಲದಕ್ಕೂ ಪೇಪರ್ ಉಂಟು ಇಲ್ಲಿ. ಬರ್ದು ಕೊಡಿ."

ಅವರು ತಮಾಷೆ ಮಾಡುತ್ತಿರಲಿಲ್ಲ. ಫೈಲಿನ ಕೊನೆಯ ಖಾಲಿ ಹಾಳೆಯಲ್ಲಿ, ಐಸಿನ ಮೇಲೆ ಕೂತು ಬರೆದೆ: ಇಂಥ ನಂಬರಿನ ಮನೆಯಲ್ಲಿ ನಾನು ಹಿಡಿದ ಒಂದು ಮೀನನ್ನು ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ ಇವರಿಗೆ ದಾನ ಮಾಡಿರುತ್ತೇನೆ. ಸಹಿ ಹಾಕಿದೆ. ಸಾಕ್ಷಿಗೆ ಕಾರ್ಕಳದವರು ಸಹಿ ಹಾಕಿದರು. ನಮ್ಮ ಮನೆತನದಲ್ಲಿ ತಲೆತಲಾಂತರದಿಂದ ಎಲ್ಲರೂ ದಾನ ತೆಗೆದುಕೊಂಡವರೇ. ಕೊಟ್ಟವನು ನಾನೇ ಮೊದಲು, ಕೊಟ್ಟದ್ದು ಮೀನು.

ಮೀನು ಅವತ್ತೇ ಸಾರಾಯಿತು. ಮಾವನವರು ಮಂಗಳವಾರ ಆ ಹಾಳೆಯನ್ನು ಪಾಸ್‌ಪೋರ್ಟಿನೊಳಗೆ ಮಡಚಿಟ್ಟುಕೊಂಡು ವಿಮಾನ ಹತ್ತಿದರು. ಮಾರ್ಚ್ ನಡುವಿಗೆ ಮನೆಯನ್ನು ಐಸಿನಿಂದ ತೆಗೆದೆವು. ಬೆಂಗಳೂರಿನ ಹುಡುಗಿ ಮತ್ತೆ ಫೋನು ಮಾಡಿ, "ಅಂಕಲ್, ಈಗ ಖಾಲಿ ಆಯ್ತಾ?" ಎಂದು ಕೇಳಿದಳು.

ಕಳೆದ ವಾರ ಮಾವನವರ ಕರೆ ಬಂತು. ಮಲ್ಪೆಯ ಬಂದರಿನಲ್ಲಿ ಕೂತು ಎಲ್ಲರಿಗೂ ಹೇಳಿದರಂತೆ. ಕೆರೆ ಕಲ್ಲಾಗುತ್ತದೆ ಎಂದರೆ ಯಾರೂ ನಂಬಲಿಲ್ಲ. ಅದರ ಮೇಲೆ ಅಳಿಯ ಕಟ್ಟಿದ ಚಕ್ರದ ಮನೆ, ಮನೆಗೆ ಸರ್ಕಾರದ ನಂಬರು ಎಂದರೆ ನಕ್ಕರಂತೆ. "ಮತ್ತೆ ನಿಮ್ಮ ಪತ್ರ ತೆಗೆದು ತೋರಿಸಿದೆ ಮಾರಾಯ್ರೆ."

"ಆಗ ನಂಬಿದರಾ?"

"ಈಗ ಎಲ್ಲ ನಂಬ್ತಾರೆ. ಕೆರೆ ಕಲ್ಲಾಗುದು ನಂಬ್ತಾರೆ, ಮನೆ ನಂಬ್ತಾರೆ, ನಂಬರು ನಂಬ್ತಾರೆ, ನನ್ನ ಅಳಿಯ ಕಟ್ಟಿದ್ದು ಅಂತಲೂ ನಂಬ್ತಾರೆ." ಅವರು ನಿಟ್ಟುಸಿರು ಬಿಟ್ಟರು. "ಮೈಸೂರಿನ ಭಟ್ರು ಮೀನು ಹಿಡಿದು ಕೊಟ್ಟದ್ದು ಅಂದ್ರೆ ಮಾತ್ರ, ಇವನಿಗೆ ತಲೆ ಕೆಟ್ಟಿದೆ ಅಂತಾರೆ."